ತಗೊಳ್ಳುವುದು ಬೇರೆ, ನುಂಗುವುದು ಬೇರೆ

ಬಸ್ಸಿನ ಚೆಕಿಂಗ್ ಸಾಹೇಬರು ಆರೋಗ್ಯ ಕೇಂದ್ರದ ಏಳನೇ ನಂಬರಿನ ಕೋಣೆಯಲ್ಲಿ, ಸ್ವಂತ ಹೆಂಡತಿಯೂ ಸೇರಿದಂತೆ ಆರು ಜನರ ಕಣ್ಣೆದುರಿಗೆ, ಬಿಪಿ ಮಾತ್ರೆ ಎಂದುಕೊಂಡು ಅಂಗಿಯ ಗುಂಡಿಯೊಂದನ್ನು ಬಾಯಿಗೆ ಎಸೆದುಕೊಂಡು ನೀರು ಕುಡಿದರು.

ತಪ್ಪು ಪೂರ್ತಿ ಅವರದೂ ಅಲ್ಲ. ಸ್ಟ್ರಿಪ್ಪಿನಲ್ಲಿದ್ದರೆ ಸುಮ್ಮನೆ ಜಾಗ ತಿನ್ನುತ್ತದೆಂದು ಮಾತ್ರೆಗಳನ್ನೆಲ್ಲ ಬಿಡಿಸಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಸುರಿದಿಡುವುದು ಅವರ ಪದ್ಧತಿ. ಹೆಂಡತಿ ಹೊಲಿಗೆಯವರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಮನೆಯಲ್ಲಿ ಬಿಳಿ ಗುಂಡಿ ಎಲ್ಲಿಗೆ ಬೇಕಾದರೂ ಉರುಳಿಕೊಂಡು ಹೋಗುತ್ತದೆ. ಕೋಣೆಯ ಸಿಸ್ಟರ್, "ಇವತ್ತಿಂದು ಇನ್ನೂ ಆಗಿಲ್ವಾ? ಹಾಗಾದ್ರೆ ದಿನಾ ಹೇಗೆ ನುಂಗ್ತೀರಿ, ಒಂದ್ಸಲ ಮಾಡಿ ತೋರಿಸಿ" ಎಂದಾಗ, ಇದೇನು ಮಹಾ ವಿದ್ಯೆ ಎಂಬಂತೆ ಸಾಹೇಬರು ನೋಡದೆಯೇ ಡಬ್ಬಿಗೆ ಎರಡು ಬೆರಳು ಹಾಕಿದರು. ಮಿಕ್ಕ ಸಂಗತಿ ಕಟಕ್ಕೆಂದು ಮೊದಲು ಹಲ್ಲಿಗೆ ತಿಳಿಯಿತು, ಆಮೇಲೆ ಅವರಿಗೆ.

ಜನರೆದುರು ಬಾಯಿಂದ ಗುಂಡಿ ತೆಗೆಯುವುದಕ್ಕೆ ಗಂಭೀರವಾದ ವಿಧಾನ ಯಾವುದೂ ಇಲ್ಲ. ಕೆಮ್ಮಿದಂತೆ ಮಾಡಿದರೂ ಅಷ್ಟೆ, ಕರವಸ್ತ್ರ ಅಡ್ಡ ಹಿಡಿದರೂ ಅಷ್ಟೆ. ಸಿಸ್ಟರ್ ಅದನ್ನು ಹತ್ತಿಯಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಒಡ್ಡಿ ನೋಡಿದರು. ಮುಖದಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ.

"ಡಾಕ್ಟ್ರು ಬರೆದಿದ್ದಕ್ಕೆ ತೂತಿರ್ಲಿಲ್ಲ," ಎಂದರು. "ಇದಕ್ಕೆ ನಾಲ್ಕಿದೆ."

ತೂಕದ ಯಂತ್ರದ ಮೇಲೆ ನಿಂತಿದ್ದ ಹೆಂಡತಿ ನಕ್ಕ ರಭಸಕ್ಕೆ ಯಂತ್ರದ ಮುಳ್ಳು ಅತ್ತಿಂದಿತ್ತ ಓಡಾಡಿತು. ಆ ದಿನ ಅವರ ತೂಕ ಎಷ್ಟೆಂದು ಯಾರಿಗೂ ಗೊತ್ತಾಗಲಿಲ್ಲ.

ಸಾಹೇಬರಿಗೆ ಸಿಸ್ಟರ್ ಮೇಲೆ ಅನುಮಾನ ಹುಟ್ಟಿದ್ದು ಅಂದೇ. ಅನುಮಾನ ಅವರಿಗೆ ಹೊಸದೇನಲ್ಲ, ಅದು ಅವರ ಹೊಟ್ಟೆಪಾಡು. ಇಪ್ಪತ್ತೆಂಟು ವರ್ಷದಿಂದ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡುತ್ತಿದ್ದಾರೆ. ಕಿಟಕಿಯ ಹೊರಗೆ ಅತಿಯಾಗಿ ನೋಡುವವನು, ನಿದ್ದೆಯಲ್ಲಿ ರೆಪ್ಪೆ ಅದುರಿಸುವವನು, ಕೇಳುವ ಮೊದಲೇ ಟಿಕೆಟ್ ಚಾಚುವವನು, ಈ ಮೂವರನ್ನೂ ಅವರು ನಂಬುವುದಿಲ್ಲ. ಉಳಿದವರನ್ನು ನಂಬುತ್ತಾರೆಂದು ಇದರ ಅರ್ಥವಲ್ಲ. ಮದುವೆಯ ಫೋಟೋದಲ್ಲಿ ಪಕ್ಕಕ್ಕೆ ನಿಂತಿರುವುದು ನಾನೇ ಹೌದೋ ಅಲ್ಲವೋ ಎಂದು ಇವರಿಗೆ ಇನ್ನೂ ಅನುಮಾನವಿದೆ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು.

ಸಿಸ್ಟರ್ ಕೆಲಸವೂ ಅನುಮಾನಕ್ಕೆ ಆಸ್ಪದ ಕೊಡುವಂಥದ್ದೇ. ಅವರು ಇಂಜೆಕ್ಷನ್ ಕೊಡುತ್ತಿರಲಿಲ್ಲ, ಗಾಯಕ್ಕೆ ಪಟ್ಟಿ ಕಟ್ಟುತ್ತಿರಲಿಲ್ಲ. ಹಿಂದೆ ಮುರಿದ ಮಂಚಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ತೊಳೆಸಿ, ಒಂದು ಮೇಜು, ಎರಡು ಬೆಂಚು ಹಾಕಿಸಿಕೊಂಡು ಕೂತಿದ್ದರು. ಬಿಪಿ, ಶುಗರ್, ಉಬ್ಬಸ, ಥೈರಾಯ್ಡು ಎಂದು ಜೀವಮಾನವಿಡೀ ಮಾತ್ರೆಯ ಜೊತೆ ಸಂಸಾರ ಮಾಡಬೇಕಾದವರೆಲ್ಲ ಡಾಕ್ಟರನ್ನು ಕಂಡಮೇಲೆ ಅಲ್ಲಿಗೆ ಬರಬೇಕು. ಯಾವುದು ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ಮರೆತರೆ ಏನು ಮಾಡಬೇಕು, ತಲೆ ತಿರುಗಿದರೆ ಏನು ಮಾಡಬೇಕು, ಇಷ್ಟನ್ನು ಹೇಳಿಕೊಡುವುದೇ ಅವರ ನೌಕರಿ. ಜನ ಅವರಿಗೆ ಮಾತ್ರೆ ಟೀಚರ್ ಎಂದು ಹೆಸರಿಟ್ಟಿದ್ದರು.

ಪಾಠ ಮುಗಿದ ಮೇಲೆ ಅವರು ಕುರ್ಚಿ ಬಿಟ್ಟೆದ್ದು ಬೆಂಚಿನ ಮೇಲೆ ಕೂರುತ್ತಿದ್ದರು. "ಈಗ ನಾನು ಪೇಷಂಟು, ನೀವು ಸಿಸ್ಟರ್. ನನಗೆ ಹೇಳ್ಕೊಡಿ." ಪೇಷಂಟಾಗಿ ಅವರಷ್ಟು ದಡ್ಡರು ಇಡೀ ಊರಿನಲ್ಲಿ ಇರಲಿಲ್ಲ. ಉಬ್ಬಸದ ಪಂಪನ್ನು ಹಿಡಿದುಕೊಂಡು, ಇದನ್ನು ಕಂಕುಳಿಗೆ ಹೊಡ್ಕೋಬೇಕಾ ಎಂದು ಒಬ್ಬ ನಿವೃತ್ತ ಲಾರಿ ಡ್ರೈವರನ್ನು ಕೇಳಿದ್ದರಂತೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕು, ಛೇ ಛೇ, ಬಾಯಿಗೆ ಎಂದು ಕಲಿಸಿಕೊಟ್ಟು, ಆಮೇಲೆ ತಾನು ಪಂಪನ್ನು ಅಲುಗಾಡಿಸುವುದನ್ನೇ ಮರೆಯುತ್ತಿದ್ದೆನೆಂದು ತಾನೇ ಒಪ್ಪಿಕೊಂಡು ಹೋದ.

ಸಾಹೇಬರಿಗೆ ಇದೆಲ್ಲ ನಾಟಕವಾಗಿ ಕಂಡಿತು. ಅದಕ್ಕಿಂತ ಹೆಚ್ಚಾಗಿ ಕಿವಿಗೆ ಚುಚ್ಚಿದ್ದು ಒಂದು ಮಾತು. ಮರ್ಯಾದಸ್ಥರು ಯಾರೇ ಆಗಲಿ "ಮಾತ್ರೆ ತಗೊಂಡ್ರಾ" ಎಂದು ಕೇಳುತ್ತಾರೆ. ಈ ಸಿಸ್ಟರ್ ಆ ಮಾತನ್ನು ಬಾಯಿಗೇ ತರುತ್ತಿರಲಿಲ್ಲ. ಹಿರಿಯರಿರಲಿ ಕಿರಿಯರಿರಲಿ, "ನುಂಗಿದ್ರಾ?" ಸಾಹೇಬರ ಇಲಾಖೆಯಲ್ಲಿ ನುಂಗುವುದು ಎಂದರೆ ಒಂದೇ ಅರ್ಥ, ಅದಕ್ಕೆ ಅಮಾನತು ಶಿಕ್ಷೆ. ಮೂರು ಜನರ ಮುಂದೆ "ನೀವು ದಿನಾ ನುಂಗ್ತೀರಾ" ಎಂದು ಕೇಳಿಸಿಕೊಂಡು, "ಹೂಂ" ಎನ್ನಬೇಕಾಗಿ ಬಂದ ದಿನ ಅವರಿಗೆ ಬಿಪಿ ಏರಿತ್ತು. ಸಿಸ್ಟರ್ ಅದನ್ನೂ ಬರೆದುಕೊಂಡರು.

ಇನ್ನು ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆ. ಪ್ರತಿಯೊಬ್ಬರೂ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತುಂಬಿ ತರಬೇಕು, ಸಿಸ್ಟರ್ ಮೇಜಿನ ಮೇಲೆ ಸುರಿದು ಒಂದೊಂದನ್ನೂ ಹಿಂದುಮುಂದು ತಿರುಗಿಸಿ ನೋಡಬೇಕು. ಅವಧಿ ಮುಗಿದದ್ದು, ಎರಡು ಸಲ ಬಂದದ್ದು, ಪಕ್ಕದ ಮನೆಯವರಿಂದ ಇಸಕೊಂಡದ್ದು ಇವೆಲ್ಲ ಪೆಟ್ಟಿಗೆಗೆ ಹೋಗಿ ಬೀಗ ಬೀಳುತ್ತಿತ್ತು. ಶನಿವಾರ ವ್ಯಾನೊಂದು ಬಂದು ಅದನ್ನು ಒಯ್ಯುತ್ತಿತ್ತು. ಎಲ್ಲಿಗೆ? ಸಾಹೇಬರು ಒಂದು ಶನಿವಾರ ರಜೆ ಹಾಕಿ ವ್ಯಾನಿನ ಬೆನ್ನು ಹತ್ತಿದರು. ಅದು ನೇರವಾಗಿ ದೊಡ್ಡಾಸ್ಪತ್ರೆಯ ಹಿತ್ತಲಿನ ಸುಡುವ ಕುಲುಮೆಗೆ ಹೋಯಿತು, ಒಬ್ಬ ರಿಜಿಸ್ಟರಿಗೆ ಸಹಿ ಹಾಕಿ ಎಲ್ಲವನ್ನೂ ಬೆಂಕಿಗೆ ಸುರಿದ. ಬೇರೆಯವರಾಗಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಸಾಹೇಬರಿಗೆ ಸಹಿ ಹಾಕಿದವನ ಮುಖ ಸರಿಕಾಣಲಿಲ್ಲ.

ಮರುವಾರ ಬೆಂಚಿನ ಮೇಲೆ ಕೂತು, ನೆಲ ಒರೆಸುತ್ತಿದ್ದ ಆಯಮ್ಮನನ್ನು ಮೆಲ್ಲಗೆ ಮಾತಿಗೆಳೆದರು. ಈ ಸಿಸ್ಟರ್ ಯಾಕೆ ಹೀಗೆ, ಎಲ್ಲರ ಹಾಗೆ ಯಾಕೆ ಮಾತಾಡಲ್ಲ ಎಂದರು. ಆಯಮ್ಮ ಒರೆಸುವ ಕೋಲಿಗೆ ಗಲ್ಲ ಊರಿ ಕಥೆ ಹೇಳಿದರು. ಸಿಸ್ಟರ್ ತಂದೆ ಗಡಿಯಾರ ರಿಪೇರಿಯವರು, ಸುಳ್ಳು ಹೇಳಿದವರೇ ಅಲ್ಲ. ಬಿಪಿಯಿತ್ತು. ಮಗಳು ಆಗಿನ್ನೂ ಹೊಸ ನೌಕರಿಯಲ್ಲಿ ಬೇರೆ ಊರಿನಲ್ಲಿದ್ದು, ವಾರವಾರ ಫೋನು ಮಾಡಿ, ಅಪ್ಪಾ ಮಾತ್ರೆ ತಗೊಂಡ್ರಾ ಎಂದು ಕೇಳುತ್ತಿದ್ದರು. ತಗೊಂಡೆನಮ್ಮಾ ಎಂದು ಅವರು ಹೇಳುತ್ತಿದ್ದರು. ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರ ಬಲಗೈ, ಬಲಗಾಲು, ಮಾತು ಒಟ್ಟಿಗೇ ಬಿದ್ದುಹೋದವು. ಬೀರು ತೆಗೆದರೆ ಎಂಟು ತಿಂಗಳ ಮಾತ್ರೆಯೂ ಅಂಗಡಿಯ ಪೊಟ್ಟಣ ಬಿಚ್ಚದೆ ಸಾಲಾಗಿ ಜೋಡಿಸಿತ್ತು.

"ಅವರು ಸುಳ್ಳು ಹೇಳಿರ್ಲಿಲ್ಲ, ನೋಡಿ," ಎಂದರು ಆಯಮ್ಮ. "ತಿಂಗಳು ತಿಂಗಳೂ ಅಂಗಡಿಗೆ ಹೋಗಿ ತಗೊಂಡಿದ್ರು. ನಾನು ಕೇಳಿದ ಮಾತೇ ತಪ್ಪು ಅಂತ ಸಿಸ್ಟರ್ ಇವತ್ತಿಗೂ ಅಂತಾರೆ."

ಸಾಹೇಬರು ತಲೆಯಾಡಿಸಿದರು. ಮನಸ್ಸಿನಲ್ಲಿ ಮಾತ್ರ, ಇಷ್ಟು ಚೆನ್ನಾಗಿ ಜೋಡಿಸಿದ ಕಥೆ ಆಯಮ್ಮನ ಬಾಯಿಗೆ ಹೇಗೆ ಬಂತು, ಯಾರು ಕಲಿಸಿಕೊಟ್ಟರು ಎಂದು ಗುರುತು ಹಾಕಿಕೊಂಡರು.

ಇಷ್ಟರಲ್ಲಿ ಮನೆಯಲ್ಲಿ ನಗುವಂಥದ್ದಲ್ಲದ ಒಂದು ಸಂಗತಿ ನಡೆದಿತ್ತು. ಶುಗರಿಗೆ ಕೇಂದ್ರದ ಮಾತ್ರೆ ನುಂಗುತ್ತಿದ್ದ ಹೆಂಡತಿಗೆ ಆಗಾಗ ಬೆಳಗಿನ ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಮಂಜಾಗತೊಡಗಿತು. ಒಮ್ಮೆ ಹೊಲಿಗೆ ಯಂತ್ರದ ಸೂಜಿ ಬೆರಳಿಗೇ ಇಳಿಯಿತು. ಇನ್ನೊಮ್ಮೆ ಅಡುಗೆಮನೆಯಲ್ಲಿ ಕುಸಿದು, ಒಲೆಯ ಕಟ್ಟೆಯ ಅಂಚು ಹಣೆಗೆ ಒಂದಂಗುಲದಲ್ಲಿ ತಪ್ಪಿತು. ಶುಗರ್ ಕೆಳಗೆ ಬೀಳುತ್ತಿದೆ ಎಂದರು ಡಾಕ್ಟರು. ಯಾಕೆಂದು ಅವರಿಗೂ ತಿಳಿಯಲಿಲ್ಲ, ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಇಳಿಸಿದ ಮೇಲೆ ಇನ್ನೂ ಹೆಚ್ಚಾಯಿತು. ಹೀಗೇ ಒಂದು ಸಲ ಒಬ್ಬರೇ ಇದ್ದಾಗ ಬಿದ್ದು ಎಚ್ಚರ ತಪ್ಪಿದರೆ ಏಳುವುದು ಕಷ್ಟ ಎಂದು ಸಿಸ್ಟರ್ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೆಳಗಿನ ತಿಂಡಿ ಎಷ್ಟು ಹೊತ್ತಿಗೆ, ಏನೇನು, ಹೊಸದಾಗಿ ಏನಾದರೂ ಶುರು ಮಾಡಿದ್ದೀರಾ ಎಂದು ಕೆದಕಿದರು. ಖಾಲಿ ಸ್ಟ್ರಿಪ್ ತರಿಸಿ ಗುಳಿ ಗುಳಿ ಎಣಿಸಿದರು. ಲೆಕ್ಕ ಸರಿಯಿತ್ತು.

"ಔಷಧಿ ಅಂತ ಬೇರೆ ಏನೂ ಇಲ್ಲ ಸಿಸ್ಟರ್," ಎಂದರು ಹೆಂಡತಿ. ಅದು ನಿಜವೂ ಆಗಿತ್ತು, ಅವರಿಗೆ ಗೊತ್ತಿದ್ದ ಮಟ್ಟಿಗೆ. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಾಹೇಬರಿಗೆ ಗೊತ್ತಿದ್ದದ್ದು ಇಷ್ಟು. ಪುಕ್ಕಟೆ ಕೊಡುವ ಮಾತ್ರೆಯೆಲ್ಲ ಬರೀ ಸುಣ್ಣ ಎಂದು ಒಂದು ಸಂದೇಶ ಅವರ ಫೋನಿಗೆ ಬಂದಿತ್ತು. ಕಳಿಸಿದವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಅವರು ಅನುಮಾನಪಡದೆ ನಂಬಿದ ವಸ್ತು ಅದೊಂದೇ. ಕೇಂದ್ರದ ಶುಗರ್ ಮಾತ್ರೆಯ ಸ್ಟ್ರಿಪ್ಪನ್ನು ಔಷಧಿ ಅಂಗಡಿಯವನಿಗೆ ತೋರಿಸಿ, ಇಂಥದ್ದೇ ಒಳ್ಳೇದು ಕೊಡಪ್ಪಾ ಎಂದರು. ಅವನು ಥಳಥಳ ಹೊಳೆಯುವ ಇನ್ನೊಂದು ಹೆಸರಿನ ಸ್ಟ್ರಿಪ್ ಕೊಟ್ಟ. ಸುಣ್ಣವನ್ನು ನಿಲ್ಲಿಸಿಬಿಡು ಎಂದು ಹೆಂಡತಿಗೆ ಹೇಳುವ ಹಾಗಿರಲಿಲ್ಲ, ಅವರಿಗೆ ಸಿಸ್ಟರ್ ಮಾತೇ ವೇದ. ಆದ್ದರಿಂದ ಸಾಹೇಬರು, ಸುಣ್ಣ ಹೇಗೂ ಸುಣ್ಣ, ಅದರ ಪಾಡಿಗೆ ಅದಿರಲಿ ಎಂದುಕೊಂಡು, ಹೊಳೆಯುವ ಮಾತ್ರೆಯನ್ನು ದಿನಾ ಬೆಳಿಗ್ಗೆ ಬಿಡಿಸಿ ಹೆಂಡತಿಯ ಅಂಗೈಗೆ ಹಾಕಿ, ಶಕ್ತಿಯ ಮಾತ್ರೆ ಎಂದರು. ಶಕ್ತಿಯ ಮಾತ್ರೆಯನ್ನು ಯಾರೂ ಔಷಧಿ ಎನ್ನುವುದಿಲ್ಲ, ಚೀಲದಲ್ಲಿ ಹಾಕಿ ತೋರಿಸಲು ಒಯ್ಯುವುದೂ ಇಲ್ಲ. ಡಾಕ್ಟರು ಅರ್ಧ ಮಾತ್ರೆಗೆ ಇಳಿಸಿದಾಗ, ಓಹೋ ದಾಸ್ತಾನು ಮುಗಿಯುತ್ತ ಬಂದಿರಬೇಕು, ಅದಕ್ಕೇ ಈ ಕತ್ತರಿ ಎಂದು ಅವರು ಶಕ್ತಿಯನ್ನು ಎರಡು ಹೊತ್ತಿಗೆ ಏರಿಸಿದರು.

ಹೆಂಡತಿ ಮತ್ತೆ ಕುಸಿದ ದಿನ ಸಾಹೇಬರು ದೂರು ಬರೆದರು. ಮೂರು ಪುಟ, ಇಲಾಖೆಯ ಶೈಲಿ. ಏಳನೇ ಕೋಣೆಯಲ್ಲಿ ಮಾತ್ರೆ ಬದಲಾಯಿಸಲಾಗುತ್ತಿದೆ, ಸುಣ್ಣದ ಮಾತ್ರೆಯಿಂದ ತಮ್ಮ ಪತ್ನಿಯ ಪ್ರಾಣಕ್ಕೆ ಸಂಚಕಾರ ಬಂದಿದೆ, ಸದರಿ ಸಿಸ್ಟರನ್ನು ಆ ಕೋಣೆಯಿಂದ ತೆಗೆಯಬೇಕು ಎಂದು ಬರೆದು, ಸೋಮವಾರ ಆರೋಗ್ಯ ಕೇಂದ್ರದ ಮುಖ್ಯಸ್ಥರ ಕೈಗೇ ಕೊಟ್ಟು ಬಂದರು.

ಮಂಗಳವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಸಾಹೇಬರು ಮಧ್ಯಾಹ್ನದ ಪಾಳಿಗೆ ಅಂಗಿ ಇಸ್ತ್ರಿ ಮಾಡುತ್ತಿದ್ದರು. ಬಾಗಿಲು ತೆರೆದರೆ ಸಿಸ್ಟರ್. ಏದುಸಿರು ಬಿಡುತ್ತಿದ್ದರು, ಹೆಗಲಿಗೆ ಚೀಲ, ಕೈಯಲ್ಲಿ ಅದೇ ಮೂರು ಪುಟ. ಸಾಹೇಬರಿಗೆ ಒಳಗೊಳಗೇ ತೃಪ್ತಿಯಾಯಿತು. ಸಿಕ್ಕಿಬಿದ್ದವರೆಲ್ಲ ಕೊನೆಗೆ ಹೀಗೆ ಓಡಿಕೊಂಡು ಬರುವುದನ್ನು ಅವರು ಬಹಳ ಕಂಡಿದ್ದರು.

"ನಾನು ಅದನ್ನ ವಾಪಸ್ ತಗೊಳ್ಳಲ್ಲ," ಎಂದರು, ಬಾಗಿಲಿಗೆ ಅಡ್ಡವಾಗಿ ನಿಂತು.

"ವಾಪಸ್ ಬೇಡ. ಒಂದು ಸಾಲು ಅರ್ಥ ಆಗ್ಲಿಲ್ಲ, ಕೇಳೋಣ ಅಂತ ಬಂದೆ." ಸಿಸ್ಟರ್ ಎರಡನೆಯ ಪುಟ ತಿರುವಿ, ಬೆರಳಿಟ್ಟು ಓದಿದರು. "'ಆದುದರಿಂದ ವಿಧಿಯಿಲ್ಲದೆ ಅಂಗಡಿಯ ಉತ್ತಮ ಶುಗರ್ ಮಾತ್ರೆಯನ್ನು ನಾನೇ ತೆಗೆದುಕೊಳ್ಳುತ್ತಿದ್ದೇನೆ.' ನಮ್ಮ ಮುಖ್ಯಸ್ಥರು ಇದನ್ನ ಓದಿ ನಿಮಗೇ ಶುಗರ್ ಇದೆ ಅಂದ್ಕೊಂಡಿದ್ದಾರೆ. ನಿಮಗಿಲ್ವಲ್ಲ."

"ಇಲ್ಲ. ನನಗ್ಯಾಕೆ ಶುಗರ್?"

"ಹಾಗಾದ್ರೆ ತಗೊಳ್ತಿರೋದು ಅಂಗಡಿಯಿಂದಾನಾ, ಬಾಯಿಗಾ?"

"ಅಂಗಡಿಯಿಂದ."

"ನುಂಗ್ತಿರೋದು ಯಾರು?"

ಇಪ್ಪತ್ತೆಂಟು ವರ್ಷದಲ್ಲಿ ಸಾಹೇಬರು ಎಷ್ಟೋ ಜನರನ್ನು ಹೀಗೆ ಒಂದೇ ಪ್ರಶ್ನೆಯಲ್ಲಿ ನಿಲ್ಲಿಸಿದ್ದರು. ಆ ಜನರಿಗೆ ಹೇಗಾಗುತ್ತಿತ್ತೆಂದು ಈಗ ತಿಳಿಯಿತು. ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಒಂದಷ್ಟು ದೂರ ಅಡ್ಡಾದಿಡ್ಡಿ ಓಡಿ, ನಿಂತುಬಿಟ್ಟಿತು.

ಸಿಸ್ಟರ್ ಅವರನ್ನು ಪಕ್ಕಕ್ಕೆ ಸರಿಸಿಕೊಂಡೇ ಒಳಗೆ ಹೋದರು. ಹೆಂಡತಿ ಯಂತ್ರದ ಮುಂದೆ ಕೂತಿದ್ದರು. ಅಂಗಿಯ ತೋಳನ್ನು ಕಾಲರಿಗೆ ಸೇರಿಸಿ ಹೊಲಿದಿದ್ದರು. ಹಣೆಯ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು. ಸಿಸ್ಟರನ್ನು ಕಂಡು, "ಬಸ್ ಬಂತಾ?" ಎಂದು ಮೆಲ್ಲಗೆ ಕೇಳಿದರು.

ಬೆರಳು ಚುಚ್ಚಿ ನೋಡಿದರೆ ಶುಗರ್ ಬರೀ ನಲವತ್ತನಾಲ್ಕು. ಸಕ್ಕರೆ ಎಲ್ಲಿದೆ ಎಂದು ಸಿಸ್ಟರ್ ಕೇಳಿದ್ದಕ್ಕೆ ಸಾಹೇಬರು ಮೂರು ಡಬ್ಬಿ ತಂದರು, ಒಂದರಲ್ಲಿ ಉಪ್ಪಿತ್ತು. ಸಿಸ್ಟರ್ ನಾಲಿಗೆಗೆ ಹಚ್ಚಿ ನೋಡಿ ಸಕ್ಕರೆಯನ್ನು ಆರಿಸಿ, ನೀರಿನಲ್ಲಿ ಕದಡಿ, ತಲೆಗೆ ಆಸರೆ ಕೊಟ್ಟು, ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆ ಗಡಿಯಾರ ನೋಡುತ್ತ ಕೂತು ಮತ್ತೆ ಚುಚ್ಚಿದರು. ಅರವತ್ತೊಂದು. ಇನ್ನೊಂದು ಲೋಟ. ಮುಖಕ್ಕೆ ನಿಧಾನವಾಗಿ ಬಣ್ಣ ಬಂತು. ಬಂದ ಕೂಡಲೇ ಹೆಂಡತಿ ಮಾಡಿದ ಮೊದಲ ಕೆಲಸ, ಕಾಲರಿಗೆ ಸೇರಿದ ತೋಳನ್ನು ನೋಡಿ ನಾಚಿಕೊಂಡದ್ದು.

ಸಿಸ್ಟರ್ ಅವರನ್ನು ಮಂಚದ ಮೇಲೆ ಮಲಗಿಸಿದ ಮೇಲೆ, ಸಾಹೇಬರು ಹೊಳೆಯುವ ಸ್ಟ್ರಿಪ್ಪನ್ನು ತಂದು ಮುಂದಿಟ್ಟರು. ಸಿಸ್ಟರ್ ಅದರ ಬೆನ್ನು ತಿರುಗಿಸಿದರು. ಕೇಂದ್ರದ ಸ್ಟ್ರಿಪ್ಪಿನ ಬೆನ್ನನ್ನೂ ಪಕ್ಕಕ್ಕಿಟ್ಟರು. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಎರಡರ ಮೇಲೂ ಒಂದೇ ಪದವಿತ್ತು.

"ಮೇಲಿನ ಬೋರ್ಡ್ ಬೇರೆ," ಎಂದರು ಸಾಹೇಬರು ತಗ್ಗಿದ ದನಿಯಲ್ಲಿ. "ಬಸ್ಸು ಒಂದೇ."

ಸಿಸ್ಟರ್ ಅವರನ್ನು ನೋಡಿದರು. ಬೈಯಬಹುದಿತ್ತು, ಬೈಯಲಿಲ್ಲ. ಹೆಂಡತಿಯ ಮಂಚದ ತುದಿಗೆ ಹೋಗಿ ಕೂತರು. "ಈಗ ನಾನು ಪೇಷಂಟು, ನೀವು ಸಿಸ್ಟರ್. ನನಗೆ ಯಾಕೆ ತಲೆ ತಿರುಗ್ತಿದೆ?"

ಸಾಹೇಬರು ಇಸ್ತ್ರಿಯ ಮೇಜನ್ನು ಹಿಡಿದುಕೊಂಡರು. "ಒಂದೇ ಮಾತ್ರೆ ಎರಡು ಹೆಸರಲ್ಲಿ ಹೋಗ್ತಿದೆ. ಶುಗರ್ ಪೂರ್ತಿ ಇಳಿದುಬಿಡುತ್ತೆ."

"ಒಂದನ್ನ ನೀವು ಕೊಟ್ಟಿದ್ದು, ಸಿಸ್ಟರ್. ಇನ್ನೊಂದನ್ನ ಯಾರು ಕೊಟ್ರು?"

"ನಿಮ್ಮ ಯಜಮಾನ್ರು," ಎಂದರು ಸಾಹೇಬರು.

ಮಂಚದ ಮೇಲಿದ್ದ ಹೆಂಡತಿ ಸಾಹೇಬರ ಕಡೆ ತಿರುಗಿದರು. "ರೀ," ಎಂದರು. "ಶಕ್ತಿ ಬರುತ್ತೆ ಅಂದ್ರಲ್ಲ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸಾಹೇಬರಿಗೆ ಅನುಕೂಲವಾಗುತ್ತಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು.

ಆ ಜಾತಿಯ ಮಾತ್ರೆಯ ಪ್ರಭಾವ ಸಕ್ಕರೆ ನೀರಿಗೆ ಮುಗಿಯುವಂಥದ್ದಲ್ಲ, ಗಂಟೆಗಟ್ಟಲೆ ಕೆಳಗೆಳೆಯುತ್ತಲೇ ಇರುತ್ತದೆ ಎಂದು ಸಿಸ್ಟರ್ ಬಾಡಿಗೆ ಗಾಡಿ ತರಿಸಿ ಹೆಂಡತಿಯನ್ನು ಕೇಂದ್ರಕ್ಕೆ ಕರೆದೊಯ್ದರು. ಡಾಕ್ಟರು ಮರುದಿನದವರೆಗೆ ಮಲಗಿಸಿಕೊಂಡು, ಗಂಟೆಗೊಮ್ಮೆ ಬೆರಳು ಚುಚ್ಚಿಸಿ, ಗ್ಲೂಕೋಸ್ ಹಾಕಿಸಿ ಕಳಿಸಿದರು. ಸಾಹೇಬರು ಪಾಳಿಗೆ ಹೋಗಲಿಲ್ಲ. ಅಂದು ಆ ದಾರಿಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲದವರೆಲ್ಲ ನೆಮ್ಮದಿಯಾಗಿ ಕಿಟಕಿಯ ಹೊರಗೆ ನೋಡಿಕೊಂಡು ಪ್ರಯಾಣ ಮಾಡಿರಬೇಕು.

ಮೂರು ವಾರ ಕಳೆಯಿತು. ಹನ್ನೊಂದರ ಬೆವರು ಒಮ್ಮೆಯೂ ಬರಲಿಲ್ಲ. ಡಾಕ್ಟರು ಸುಣ್ಣವನ್ನು ಮತ್ತೆ ಇಡೀ ಮಾತ್ರೆಗೆ ಏರಿಸಿದರು, ಸಕ್ಕರೆ ಎಲ್ಲಿರಬೇಕೋ ಅಲ್ಲಿ ನಿಂತಿತು. ಹೆಂಡತಿ ಸಿಸ್ಟರ್ ಹೇಳಿಕೊಟ್ಟಂತೆ ಯಂತ್ರದ ಸೆಳೆಖಾನೆಯಲ್ಲಿ ಸಕ್ಕರೆಯ ಪೊಟ್ಟಣವೊಂದನ್ನು ಇಟ್ಟುಕೊಂಡರು. ಅಂಗೈಗೆ ಬೇರೆಯವರು ಹಾಕಿದ ಯಾವುದನ್ನೂ, ಸ್ಟ್ರಿಪ್ ನೋಡದೆ, ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ಸಾಹೇಬರು ಅಡಿಕೆ ಚೂರು ಕೊಟ್ಟರೂ ತಿರುಗಿಸಿ ನೋಡುತ್ತಿದ್ದರು.

ಅನುಮಾನವೆಂಬುದು ಮನೆಯೊಳಗೆ ತಮ್ಮ ಕಡೆಗೇ ಮುಖ ಮಾಡಿ ಕೂತಾಗ ಹೇಗಿರುತ್ತದೆಂದು ಸಾಹೇಬರಿಗೆ ಅರಿವಾಯಿತು. ಒಂದು ಮಂಗಳವಾರ ಕೋಣೆ ಖಾಲಿಯಾಗುವವರೆಗೆ ಕಾದು, ಸಿಸ್ಟರ್ ಮುಂದೆ ಹೋಗಿ ನಿಂತರು. ದೂರನ್ನು ಹಿಂದಕ್ಕೆ ಪಡೆಯುತ್ತೇನೆ ಎಂದರು. ಆಗುವುದಿಲ್ಲ ಎಂದರು ಸಿಸ್ಟರ್. ಅದು ಈಗ ದೂರಲ್ಲ, ನಿಮ್ಮ ಮನೆಯವರ ಕೇಸ್ ಪೇಪರಿಗೆ ಪಿನ್ ಹೊಡೆದಿದೆ, ಯಾವ ಮಾತ್ರೆ ಎಂದಿನಿಂದ ಎಂಬುದನ್ನು ಅಷ್ಟು ವಿವರವಾಗಿ ಈ ಕೇಂದ್ರದಲ್ಲಿ ಇದುವರೆಗೆ ಯಾರೂ ಬರೆದುಕೊಟ್ಟಿಲ್ಲ. ಮುಖ್ಯಸ್ಥರಿಗೆ ತಾವು ಕೊಟ್ಟ ಉತ್ತರವೂ ಅದೇ ಎಂದರು. ಮುಖ್ಯಸ್ಥರು ಎರಡನ್ನೂ ಓದಿ ಏಳನೇ ಕೋಣೆಗೆ ಇನ್ನೊಂದು ಬೆಂಚು ಕಳಿಸಿದ್ದರು.

ಸಾಹೇಬರು ಇನ್ನೂ ನಿಂತೇ ಇದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಆರೋಗ್ಯಕ್ಕೆಂದು ತಾವಾಗಿಯೇ ಮಾಡಿದ್ದು ಅದೊಂದೇ ಕೆಲಸ, ಅದೂ ಹೀಗಾಯಿತು ಎಂದರು. ಸುಮ್ಮನೆ ಕೂತು ನೋಡುತ್ತಿರುವುದು ತಮ್ಮಿಂದಾಗದು. ಆಕೆಯ ಕೈಗೆ ಬೆಳಿಗ್ಗೆ ಏನಾದರೂ ಕೊಟ್ಟರೇನೇ ತಮಗೆ ಸಮಾಧಾನ.

"ಇನ್ಮೇಲೆ ನಾನು ಅವಳಿಗೆ ಏನು ಕೊಡ್ಲಿ, ಸಿಸ್ಟರ್?"

ಸಿಸ್ಟರ್ ಮುಂದಿನವರ ಚೀಟಿಯನ್ನು ಎತ್ತಿಕೊಂಡರು.

"ನೀರು," ಎಂದರು.